ಭಾವನ ಸಹಿ

"ಅಂಗಿ ತೆಗೀರಿ ಅಂದ್ರು ಡಾಕ್ಟರು," ಎಂದ ಪೈಲ್ವಾನ. "ನಾನು ಆಗಲೇ ತೆಗೆದು ಕೈಲಿ ಹಿಡ್ಕೊಂಡು ನಿಂತಿದ್ದೆ."

ಅವನ ಹೆಂಡತಿಗೆ ನಗು ತಡೆಯಲಾಗಲಿಲ್ಲ. ಗಂಡನ ಅಂಗಿಗೆ ಗುಂಡಿ ಹಾಕುತ್ತಿದ್ದವಳು ಬಾಯಿಗೆ ಕೈ ಅಡ್ಡ ಹಿಡಿದಳು. "ಅದಕ್ಕೆ ಇವ್ರು ಏನಂದ್ರಂತೆ ಗೊತ್ತಾ ಅಕ್ಕಾ? ತೆಗ್ದಾಯ್ತು ಸಾರ್, ಇನ್ನು ಬಾಕಿ ಇರೋದು ಚರ್ಮ ಒಂದೇ, ಅಂದ್ರಂತೆ!"

ಪೈಲ್ವಾನನೂ ನಕ್ಕ. ನಕ್ಕಾಗ ಭುಜ ಅಲುಗಿತು. ಮುಖ ಕಿವುಚಿಕೊಂಡು ಗೋಡೆಗೆ ಒರಗಿದ.

ವಕೀಲರ ಕಡೆಯಿಂದ ಬಂದಿದ್ದ ತನಿಖೆಗಾರ್ತಿ ಮಾತ್ರ ನಗಲಿಲ್ಲ. ಟೀ ಲೋಟ ಅವಳ ತುಟಿಯ ಹತ್ತಿರವೇ ನಿಂತುಬಿಟ್ಟಿತ್ತು.

ಪ್ರೆಸ್ಸಿನಲ್ಲಿ ಕಾಗದದ ರೀಲು ಜಾರಿ ಇವನ ಬಲಭುಜದ ಮೇಲೆ ಬಿದ್ದದ್ದು, ಕಂಪನಿಯ ಡಾಕ್ಟರು 'ಇದು ಪೆಟ್ಟಲ್ಲ, ವಯಸ್ಸಿನ ಸವೆತ' ಎಂದು ಬರೆದದ್ದು, ಅದನ್ನೇ ನಂಬಿ ಪರಿಹಾರದ ಅರ್ಜಿಯನ್ನು ತಳ್ಳಿಹಾಕಿದ್ದು, ಇದೆಲ್ಲ ಅವಳಿಗೆ ಬಾಯಿಪಾಠವಾಗಿತ್ತು. ನಾಳೆ ಮೇಲ್ಮನವಿಯ ವಿಚಾರಣೆ. ಆದರೆ ಒಂದು ಸಂಗತಿಯನ್ನು ಅವಳು ಈ ಮನೆಯಲ್ಲಿ ಬಾಯಿಬಿಟ್ಟು ಹೇಳಿರಲಿಲ್ಲ. ಆ ಡಾಕ್ಟರು ಬೇರೆ ಯಾರೂ ಅಲ್ಲ, ಅವಳ ಸ್ವಂತ ಅಕ್ಕನ ಗಂಡ.

"ಆಮೇಲೆ?" ಎಂದಳು.

"ಆಮೇಲೇನು, ಮುಟ್ಟಿ ನೋಡಿದ್ರು. ಒಳ್ಳೆ ಮನುಷ್ಯ, ಸುಳ್ಳು ಯಾಕೆ ಹೇಳ್ಲಿ. ಮೆತ್ತಗೆ, ಮಗೂನ ಮುಟ್ಟೋ ಹಾಗೆ ಮುಟ್ಟಿದ್ರು. ನೋವಾದಾಗ ತಕ್ಷಣ ಕೈ ಎತ್ತಿಬಿಟ್ರು. ನನಗೆ ಆವಾಗ್ಲೇ ಧೈರ್ಯ ಬಂತು, ಇವ್ರು ನನ್ನ ಕಡೆ ಬರೀತಾರೆ ಅಂತ." ಪೈಲ್ವಾನ ಕಿಟಕಿಯ ಕಡೆ ತಿರುಗಿದ. "ಬರೆದದ್ದು ನೋಡಿದ್ರೆ ಹೀಗೆ."

ಪೈಲ್ವಾನ ಎಂದು ಅವನನ್ನು ಕರೆದವರು ಪ್ರೆಸ್ಸಿನವರು. ಇಬ್ಬರು ತಳ್ಳುವ ರೀಲನ್ನು ಒಬ್ಬನೇ ತಳ್ಳುತ್ತಿದ್ದ ಆಳು. ಈಗ ಅವನ ತಲೆ ಬಾಚುವವಳೂ ಹೆಂಡತಿಯೇ. ಕೋಣೆಯ ಅರ್ಧ ಜಾಗವನ್ನು ಅವಳ ಹೊಲಿಗೆ ಯಂತ್ರ ಮತ್ತು ಬಟ್ಟೆಯ ರಾಶಿ ನುಂಗಿತ್ತು. ಅವನು ಆ ರಾಶಿಯ ಪಕ್ಕದಲ್ಲಿ, ಯಾರದೋ ಮನೆಗೆ ಬಂದ ನೆಂಟನ ಹಾಗೆ, ಕಾಲು ಮುದುರಿಕೊಂಡು ಕೂರುತ್ತಿದ್ದ.

"ಹೊರಗೆ ಓಡಾಡ್ತೀರಾ?" ಎಂದು ತನಿಖೆಗಾರ್ತಿ ಕೇಳಿದಳು.

"ಓಡಾಡೋದು ಬಿಟ್ಟಿದೀನಿ. ಬೀದೀಲಿ ಹೋಗುವಾಗ ಈ ಕೈ ಹೇಗಿಟ್ಕೋಬೇಕು ಅಂತಲೇ ಗೊತ್ತಾಗಲ್ಲ. ಜೋತುಬಿಟ್ರೆ ನೋಡ್ರೋ ನಾಟಕ ಅಂತಾರೆ. ನೆಟ್ಟಗಿಟ್ರೆ ಇವನಿಗೇನಾಗಿದೆ ಧಾಡಿ ಅಂತಾರೆ." ಅವನು ದನಿ ತಗ್ಗಿಸಿದ. "ನಮ್ಮಣ್ಣನೇ ಕೇಳ್ದ. ನಿಜ ಹೇಳೋ, ನನ್ನ ಹತ್ರ ಮಾತ್ರ ಹೇಳು, ನೋವಿದೆಯಾ ಇಲ್ವಾ ಅಂತ. ಒಡಹುಟ್ಟಿದವನು."

ಅವಳು ಟೀ ಅರ್ಧಕ್ಕೇ ಬಿಟ್ಟಳು. ಲೋಟವನ್ನು ಕೆಳಗಿಟ್ಟು, ತಲೆ ತಗ್ಗಿಸಿ ಚಪ್ಪಲಿ ಮೆಟ್ಟಿಕೊಂಡಳು. ಹೆಂಡತಿ ಬಾಗಿಲವರೆಗೆ ಬಂದಳು.

"ಅಕ್ಕಾ, ನೀವೊಬ್ರೇ ಇವ್ರನ್ನ ನಂಬಿದವ್ರು. ನಿಮ್ಮ ಮುಖ ನೋಡ್ಕೊಂಡೇ ನಾವು ಇದೀವಿ."

ಆ ಮುಖವನ್ನು ಎಲ್ಲಿ ಬಚ್ಚಿಡಬೇಕೆಂದು ಅವಳಿಗೆ ತಿಳಿಯಲಿಲ್ಲ.

*

ವಕೀಲರ ಕಚೇರಿ ಹಳೆಯ ಕಟ್ಟಡವೊಂದರ ಮೇಲಿನ ಮಹಡಿಯಲ್ಲಿತ್ತು. ಫ್ಯಾನು ತಿರುಗಿದರೆ ಕಾಗದ ಹಾರುತ್ತದೆಂದು ಅದನ್ನು ಹಾಕುತ್ತಿರಲಿಲ್ಲ. ಬೆವರುತ್ತ ಕೂತೇ ಕೆಲಸ ಮಾಡುವುದು ಅಲ್ಲಿಯ ಪದ್ಧತಿ. ಪೈಲ್ವಾನನ ಕೇಸನ್ನು ಮೊದಲಿನಿಂದ ನಡೆಸುತ್ತಿದ್ದವರು ಇವರೇ. ಕೆಲವು ವರ್ಷಗಳಿಂದ ಅವಳು ಇವರ ಕೇಸುಗಳಿಗೆ ಸಾಕ್ಷಿಗಳನ್ನು ಹುಡುಕಿಕೊಡುತ್ತಿದ್ದಳು. ಈ ಕೇಸು ಅವಳ ಕೈಗೆ ಬಂದದ್ದು ಅರ್ಜಿ ಬಿದ್ದುಹೋದ ಮೇಲೆ.

"ಸಾರ್, ಆ ದಿನ ತೆಗೆದ ಎಕ್ಸ್-ರೇ ಫಿಲಂ ಎಲ್ಲಿದೆ?" ಎಂದು ನಿಂತುಕೊಂಡೇ ಕೇಳಿದಳು.

"ಎಷ್ಟು ಸಲ ಹೇಳ್ಲಮ್ಮಾ. ಅದು ಕಂಪನಿಯವರ ಹತ್ರ ಇದೆ. ಕಳೆದುಹೋಗಿದೆ ಅಂತಾರೆ."

"ಹೊಸದಾಗಿ ತೆಗೆಸಿದ್ರೆ?"

"ತೆಗೆಸಿದೆವಲ್ಲ. ಮೂಳೆ ಸೊಟ್ಟಗೆ ಕೂಡ್ಕೊಂಡಿದೆ ಅಂತ ಕಾಣುತ್ತೆ. ಯಾವಾಗ ಮುರೀತು ಅಂತ ಕಾಣಲ್ಲ. ಆಮೇಲೆ ಮನೇಲಿ ಜಾರಿ ಬಿದ್ದಿರಬೇಕು ಅಂತ ಅವರು ವಾದ ಮಾಡ್ತಾರೆ. ಬಿದ್ದ ದಿನದ ಫಿಲಂ ಇಲ್ಲದೆ ಡಾಕ್ಟರ ಮಾತೇ ಕೊನೆ ಮಾತು."

ಅವಳು ಕುರ್ಚಿಯ ಬೆನ್ನು ಹಿಡಿದುಕೊಂಡಳು. ತಿಂಗಳುಗಳಿಂದ ನುಂಗಿಕೊಂಡಿದ್ದ ಮಾತು ಕೊನೆಗೂ ಹೊರಬಿತ್ತು. "ಸಾರ್, ಆ ಡಾಕ್ಟರು ನಮ್ಮ ಭಾವ."

ವಕೀಲರು ಪೆನ್ನಿನ ಮುಚ್ಚಳ ಹಾಕಿದರು. "ಗೊತ್ತು."

"ಗೊತ್ತಾ?"

"ಮೊದಲಿಂದಲೂ ಗೊತ್ತು. ನಿನಗೆ ಮುಜುಗರ ಆಗಬಾರದು ಅಂತ ಬಾಯಿ ಬಿಡಲಿಲ್ಲ. ನೋಡು, ನೀನು ಆ ಕಡೆ ಹೋಗಲೇಬೇಡ. ಸಾಕಿ ಬೆಳೆಸಿದವರ ಎದುರು ನಿಲ್ಲೋದು ಅಂದ್ರೆ ಸುಮ್ಮನೇನಾ? ಪ್ರೆಸ್ಸಿನ ಸಾಕ್ಷಿಗಳನ್ನ ಹುಡುಕು, ಅಷ್ಟು ಸಾಕು. ಡಾಕ್ಟರ ವಿಷಯ ನನಗೆ ಬಿಡು."

ಅವಳ ಕಣ್ಣಲ್ಲಿ ನೀರಾಡಿತು. ತಾನು ಮುಚ್ಚಿಟ್ಟದ್ದನ್ನು ಇವರು ತಿಳಿದೂ ತಿಳಿಯದವರಂತೆ ಇದ್ದರಲ್ಲ, ಎಂಥ ದೊಡ್ಡತನ ಎನ್ನಿಸಿ ಕುಗ್ಗಿಹೋದಳು. ಆಗಲಿ ಸಾರ್ ಎಂದು ಹೇಳಿ ಮೆಟ್ಟಿಲಿಳಿದಳು.

ಆದರೆ ಕಾಲು ಪ್ರೆಸ್ಸಿನ ಕಡೆ ಹೋಗಲಿಲ್ಲ. 'ಅಂಗಿ ತೆಗೀರಿ' ಎಂಬ ಆ ಒಂದು ಮಾತು ತಲೆಯೊಳಗೆ ನೊಣದ ಹಾಗೆ ಗುಂಯ್‌ಗುಡುತ್ತಿತ್ತು. ಅಂಗಿಯಿಲ್ಲದೆ ಎದುರಿಗೆ ನಿಂತವನಿಗೆ ಯಾರಾದರೂ ಅಂಗಿ ತೆಗಿ ಎನ್ನುತ್ತಾರೆಯೇ?

ಎಕ್ಸ್-ರೇ ತೆಗೆಯುವ ಲ್ಯಾಬೊಂದರಲ್ಲಿ ಅವಳ ಗೆಳತಿಯೊಬ್ಬಳಿದ್ದಳು. ಹೆಸರು ಕತ್ತರಿಸಿ ತೆಗೆದ ಒಂದು ಹಳೆಯ ಫಿಲಂ ಕೊಡು ಎಂದು ಕೇಳಿ, ಯಾಕೆಂದು ಹೇಳದೆ, ಇಸಿದುಕೊಂಡಳು. ಗೆಳತಿ ಅದನ್ನು ಬೆಳಕಿಗೆ ಹಿಡಿದು ಏನೇನು ಎಲ್ಲೆಲ್ಲಿದೆ ಎಂದು ತೋರಿಸಿಕೊಟ್ಟಳು. ಕಂದು ಕವರನ್ನು ಎದೆಗವಚಿಕೊಂಡು ಬಸ್ಸಿನಲ್ಲಿ ಕೂತಾಗ ಅವಳಿಗೆ ಕಳ್ಳಮಾಲು ಹೊತ್ತವಳಂತೆ ಅನ್ನಿಸಿತು.

*

ಭಾವನ ದವಾಖಾನೆ ಮನೆಯ ಮುಂದಿನ ಕೋಣೆಯಲ್ಲೇ ಇತ್ತು. ಮಧ್ಯಾಹ್ನದ ಹೊತ್ತು, ರೋಗಿಗಳಿರಲಿಲ್ಲ. ಬಾಗಿಲ ಸದ್ದಿಗೆ ಅವರು ತಲೆ ಎತ್ತಿದರು. ನೇರವಾಗಿ ಅವಳ ಕಡೆ ನೋಡದೆ ತುಸು ಓರೆಯಾಗಿ, ಅವಳ ಕಿವಿಯ ಪಕ್ಕದಲ್ಲಿ ಯಾರೋ ನಿಂತಿದ್ದಾರೆ ಎಂಬಂತೆ ನೋಡಿದರು.

"ಯಾರು?"

"ನಾನು ಭಾವ."

"ಓಹೋ ಪುಟ್ಟೀ! ಬಾ ಬಾ. ದಾರಿ ತಪ್ಪಿ ಬಂದ್ಯಾ? ಎಷ್ಟು ತಿಂಗಳಾಯ್ತೇ ನಿನ್ನ ದನಿ ಕೇಳಿ." ಮುಖ ಅರಳಿತು. "ಲೇ, ನೋಡಿಲ್ಲಿ, ನಿನ್ನ ತಂಗಿ ಬಂದಿದಾಳೆ!"

ಒಳಗಿನಿಂದ ಅಕ್ಕನ ದನಿ ಬಂತು. "ಬಂದೆ, ಒಲೆ ಮೇಲೆ ಹಾಲಿದೆ."

'ದನಿ ಕೇಳಿ' ಎಂದರಲ್ಲ, 'ಮುಖ ನೋಡಿ' ಎನ್ನಲಿಲ್ಲ.

ಅಪ್ಪ ಅಮ್ಮ ಹೋದಾಗ ಅವಳಿನ್ನೂ ಎರಡು ಜಡೆಯ ಹುಡುಗಿ. ಆಗಷ್ಟೇ ಮದುವೆಯಾಗಿದ್ದ ಈ ಮನುಷ್ಯ, ಹೆಂಡತಿಯ ತಂಗಿಯನ್ನು ಹೆಗಲ ಮೇಲೆ ಕೂರಿಸಿಕೊಂಡು ಈ ಮನೆಗೆ ತಂದಿದ್ದರು. ಸೈಕಲ್ಲು ಕಲಿಸಿದವರು, ಜ್ವರ ಬಂದಾಗ ಹಾಸಿಗೆ ಪಕ್ಕ ಕೂತವರು, ಪೊಲೀಸು ಕೆಲಸ ಬಿಟ್ಟು ಬಂದಾಗ ಒಂದೇ ಒಂದು ಪ್ರಶ್ನೆ ಕೇಳದೆ ಊಟಕ್ಕೆ ಕರೆದವರು. ಅವರಿಗೆ ಈಗ ಬಲೆ ಬೀಸಬೇಕಿತ್ತು.

"ಭಾವ, ಒಂದು ಫಿಲಂ ಇದೆ. ಸ್ವಲ್ಪ ನೋಡ್ತೀರಾ?"

ಅವರ ಬೆರಳು ಮೇಜಿನ ಅಂಚಿನಲ್ಲಿ ಒಂದು ಕ್ಷಣ ನಿಂತಿತು. "ಬಿಟ್ಟು ಹೋಗು. ಸಂಜೆ ನೋಡಿ ಹೇಳ್ತೀನಿ."

"ಈಗಲೇ ಬೇಕಿತ್ತು. ಕೆಲಸಗಾರನೊಬ್ಬಂದು. ಬಲಭುಜ. ಐವತ್ತರ ಹತ್ತಿರ ವಯಸ್ಸು."

ಅವಳೇ ಫಿಲಂ ತೆಗೆದು ಗೋಡೆಯ ದೀಪದ ಪೆಟ್ಟಿಗೆಗೆ ಸಿಕ್ಕಿಸಿ ಸ್ವಿಚ್ಚು ಹಾಕಿದಳು. ಬಿಳಿ ಬೆಳಕು ಅವರ ಕನ್ನಡಕದ ಮೇಲೆ ಬಿತ್ತು. ಭಾವ ಎದ್ದು ಬಂದರು. ಹತ್ತಿರ ಹೋದರು, ಹಿಂದೆ ಸರಿದರು, ತಲೆಯನ್ನು ಆ ಕಡೆ ಈ ಕಡೆ ವಾಲಿಸಿದರು. ಗಂಟಲು ಸರಿಮಾಡಿಕೊಂಡರು.

"ಹ್ಞೂ. ಇದೆಲ್ಲ ಸಾಮಾನ್ಯ ಪುಟ್ಟಿ. ಭಾರ ಎತ್ತೋ ಕೆಲಸದವರಿಗೆ ಹೀಗೇ ಆಗುತ್ತೆ. ಇಲ್ಲಿ ನೋಡು, ಕೀಲು ಸವೆದಿದೆ. ಅಂಚಲ್ಲಿ ಮೂಳೆ ಸ್ವಲ್ಪ ಬೆಳೆದಿದೆ. ವಯಸ್ಸಿನದು."

ಬೆರಳು ತೋರಿಸುತ್ತಿದ್ದ ಜಾಗ ನುಣ್ಣಗಿತ್ತು.

ಅವಳು ಏನೂ ಹೇಳದೆ ಫಿಲಂ ಸುತ್ತಿಕೊಂಡು ಹೊರಟುಹೋಗಬಹುದಿತ್ತು. ಮನೆಯ ಮಾನ ಮನೆಯಲ್ಲೇ ಉಳಿಯುತ್ತಿತ್ತು. ಗೋಡೆಗೆ ಒರಗಿ ಕೂತ ಪೈಲ್ವಾನನ ನೆನಪಾಯಿತು.

"ಭಾವ, ಅದು ಶಾಲೆಗೆ ಹೋಗೋ ಹುಡುಗೀದು. ಮೂಳೆ ಇನ್ನೂ ಬೆಳೀತಾ ಇರೋ ಗೆರೆ ಕಾಣ್ತಿದೆ ಅಲ್ಲಿ. ನನಗೇ ಕಾಣ್ತಿದೆ."

ಭಾವ ಮೆಲ್ಲಗೆ ಕೈ ಇಳಿಸಿದರು. ಹಿಂದಕ್ಕೆ ಕೈ ಚಾಚಿ ಕುರ್ಚಿಯನ್ನು ತಡಕಿ, ಸಿಕ್ಕ ಮೇಲೆ ಕೂತರು. ಇಷ್ಟು ವರ್ಷ ಯಾರ ಎದುರೂ ಹಾಗೆ ತಡಕಿದವರಲ್ಲ.

"ದೀಪ ಆರಿಸು ಪುಟ್ಟಿ," ಎಂದರು.

ಆರಿಸಿದಳು.

"ಪೂರ್ತಿ ಕತ್ತಲಲ್ಲ. ಅಂಚೆಲ್ಲ ಕಾಣುತ್ತೆ. ನಡುವೆ ಮಾತ್ರ ಮಸಿ ಹಚ್ಚಿದ ಹಾಗೆ. ನಿನ್ನ ಕಡೆ ನೋಡಿದ್ರೆ ನಿನ್ನ ಕಿವಿ ಇದೆ, ಕೂದಲಿದೆ, ಮುಖ ಇಲ್ಲ." ನಗಲು ನೋಡಿದರು, ಆಗಲಿಲ್ಲ. "ಯಾರಿಗೂ ಹೇಳಬೇಡ ಅಂತ ನಿನ್ನ ಅಕ್ಕನ ಹತ್ರ ಆಣೆ ಹಾಕಿಸಿಕೊಂಡೆ. ನಾಚಿಕೆಗೇಡು ಅಂತ ಗೊತ್ತು. ಆದ್ರೆ ಬೆಳಗಾದ್ರೆ ಈ ಕುರ್ಚೀಲಿ ಕೂರದಿದ್ರೆ ನಾನ್ಯಾರೇ? ಜನ ಬಾಗಿಲಲ್ಲಿ ಡಾಕ್ಟ್ರೇ ಅಂತಾರಲ್ಲ, ಅದೊಂದು ಕೂಗಿಗೆ ಬದುಕಿದ್ದೆ."

ಅವಳಿಗೆ ಅವರ ಕಾಲು ಹಿಡಿಯಬೇಕೆನ್ನಿಸಿತು. ಅದರ ಬದಲು ಬಾಯಿಂದ ಬಂದದ್ದು ಬೇರೆಯೇ.

"ನಿಮ್ಮ ನಾಚಿಕೆ ಮುಚ್ಚಿಕೊಳ್ಳೋಕೆ ಇನ್ನೊಬ್ಬನ ಮಾನ ಕಳೆದ್ರಲ್ಲ ಭಾವ! ಪ್ರೆಸ್ಸಿನ ಆ ಮನುಷ್ಯ ಬೀದೀಲಿ ತಲೆ ಎತ್ತಿ ಓಡಾಡ್ತಿಲ್ಲ. ಸ್ವಂತ ಅಣ್ಣನೇ ನಾಟಕ ಆಡ್ತೀಯಾ ಅಂತ ಕೇಳ್ತಾನೆ. ಕಾಣದ ಕಣ್ಣಲ್ಲಿ ಸವೆತ ಅಂತ ಬರೆದು ಸಹಿ ಹಾಕೋಕೆ ನಿಮಗೆ ಕೈ ಹೇಗೆ ಬಂತು?"

ಭಾವ ತಲೆ ಎತ್ತಿದರು. ಮುಖದಲ್ಲಿ ನಾಚಿಕೆಯ ಮೇಲೆ ಇನ್ನೇನೋ ಮೂಡಿತ್ತು.

"ಯಾವ ಮನುಷ್ಯ? ರೀಲು ಬಿದ್ದವನಾ? ಪೈಲ್ವಾನ ಅಂತಾರಲ್ಲ, ಅವನಾ?"

"ಅವನೇ."

"ಅವನಿಗೆ ಇನ್ನೂ ಪರಿಹಾರ ಸಿಕ್ಕಿಲ್ವಾ?"

ಆ ಪ್ರಶ್ನೆಯಲ್ಲಿ ಸುಳ್ಳಿನ ಎಳೆಯೂ ಇರಲಿಲ್ಲ. ವರ್ಷಗಟ್ಟಲೆ ಠಾಣೆಯಲ್ಲಿ ಸುಳ್ಳು ಕೇಳಿದ ಕಿವಿ ಅವಳದು.

"ಹೇಗೆ ಸಿಗುತ್ತೆ? ಪೆಟ್ಟಲ್ಲ, ವಯಸ್ಸಿನ ಸವೆತ ಅಂತ ನೀವೇ ಬರೆದಿದೀರಲ್ಲ. ಕೆಳಗೆ ನಿಮ್ಮ ಸಹಿ ಇದೆ. ನಾನೇ ನೋಡಿದೀನಿ."

"ನಾನು ಹಾಗೆ ಬರೆದಿಲ್ಲ," ಎಂದರು ಭಾವ.

"ಇವರು ಹಾಗೆ ಬರೆದಿಲ್ಲ," ಎಂದಳು ಅಕ್ಕ.

ಯಾವಾಗ ಬಂದು ನಿಂತಿದ್ದಳೋ, ಒಳಬಾಗಿಲ ಚೌಕಟ್ಟಿಗೆ ಒರಗಿದ್ದಳು. ಕಾಫಿ ಲೋಟಗಳು ತಟ್ಟೆಯಲ್ಲಿ ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ತಟ್ಟೆಯನ್ನು ಮೇಜಿನ ಮೇಲಿಟ್ಟು, ಗಂಡನ ಕುರ್ಚಿಯ ಹಿಂದೆ ಹೋಗಿ ನಿಂತಳು.

"ಫಿಲಂ ಓದೋಳು ನಾನು," ಎಂದಳು. "ಎರಡು ವರ್ಷದಿಂದ. ಮದುವೆಗೆ ಮುಂಚೆ ನಾನು ಮಾಡ್ತಿದ್ದ ಕೆಲಸ ಯಾವ್ದು ಅಂತ ಮರ್ತುಹೋಯ್ತಾ ನಿನಗೆ? ಆಸ್ಪತ್ರೇಲಿ ಎಕ್ಸ್-ರೇ ತೆಗೀತಿದ್ದವಳು ನಾನು. ದಿನಾ ಎಷ್ಟು ಮೂಳೆ ನೋಡಿಲ್ಲ! ಸಂಜೆ ಇಬ್ರೂ ಕೂರ್ತೀವಿ. ನಾನು ಕಂಡದ್ದು ಹೇಳ್ತೀನಿ, ಇವ್ರು ಅದರ ಅರ್ಥ ಹೇಳ್ತಾರೆ, ನಾನೇ ಬರೀತೀನಿ. ತಪ್ಪು ಅಂತ ಗೊತ್ತು. ಬೈಯೋದಿದ್ರೆ ನನ್ನ ಬೈ. ಆದ್ರೆ ಅವನ ಫಿಲಂ ನನಗೆ ಚೆನ್ನಾಗಿ ನೆನಪಿದೆ. ತೋಳಿನ ಮೂಳೆ ಮೇಲ್ಗಡೆ ಹಸೀ ಬಿರುಕು. ಕೂದಲೆಳೆ ಅಲ್ಲ, ದೂರದಿಂದ ಕಾಣೋಂಥದ್ದು. ಇವತ್ತಿನ ಪೆಟ್ಟು, ಕೆಲಸದ ಜಾಗದ ಪೆಟ್ಟು ಅಂತಲೇ ಇವ್ರು ಹೇಳಿದ್ರು. ನಾನು ಹಾಗೇ ಬರೆದೆ. ಸಹಿ ಮಾಡೋ ಜಾಗಕ್ಕೆ ಇವರ ಬೆರಳು ಇಟ್ಟು ತೋರಿಸಿದೆ."

"ಹಾಗಾದ್ರೆ ನಾನು ನೋಡಿದ ವರದಿ ಯಾವ್ದು?"

ಅಕ್ಕನ ಕೈ ಗಂಡನ ಭುಜದ ಮೇಲೆ ಬಿಗಿಯಾಯಿತು. ಭಾವನೇ ನಿಧಾನವಾಗಿ ಬಾಯಿಬಿಟ್ಟರು.

"ಎರಡನೇ ಸಲ ಸಹಿ ಮಾಡಿದ್ದೆ. ಹೆಸರಲ್ಲಿ ಅಕ್ಷರ ತಪ್ಪಾಗಿದೆ, ತಿದ್ದಿ ಬೇರೆ ಪ್ರತಿ ತಂದಿದೀನಿ ಅಂದ್ರು."

"ಕಂಪನಿಯವರು ಯಾರೋ ಬಂದು ಹೇಳಿದ ಕೂಡ್ಲೇ ಸಹಿ ಹಾಕಿಬಿಡೋದಾ?"

"ಕಂಪನಿಯವರಾಗಿದ್ರೆ ಹಾಕ್ತಿರಲಿಲ್ಲ." ಭಾವ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಿನ್ನ ಅಕ್ಕ ಕಾಫಿ ಮಾಡೋಕೆ ಒಳಗೆ ಹೋಗಿದ್ಲು. ಓದಿಸಿ ಸಹಿ ಹಾಕ್ತೀನಿ ಅಂದ್ರೆ ಕಣ್ಣಿನ ಗುಟ್ಟು ಬಯಲಾಗುತ್ತೆ. ಅದೊಂದು ನಾಚಿಕೆಗೆ ಹೆದರಿ, ಓದಿದವನ ಹಾಗೆ ಪುಟ ತಿರುವಿ ಹಾಕಿದೆ. ನಮ್ಮವರೇ ಅಲ್ವಾ ಅಂದ್ಕೊಂಡೆ."

"ನಮ್ಮವರಾ? ಯಾರು ಭಾವ?"

ಅಕ್ಕ ಅವಳನ್ನೇ ನೋಡುತ್ತಿದ್ದಳು. ಇಷ್ಟು ಹೊತ್ತು ಅಕ್ಕನ ಮುಖದಲ್ಲಿದ್ದ ಅಪರಾಧದ ಕಳೆ ಈಗ ಹೆದರಿಕೆಯಾಗಿ ಬದಲಾಗುತ್ತಿತ್ತು.

"ನೀನೇ ಕಳಿಸಿದ್ದೆ ಅಂತ ಹೇಳಿದ್ರಲ್ಲೇ. ನಿನ್ನ ವಕೀಲರು. ಹುಡುಗಿ ನಮ್ಮ ಕಚೇರೀಲೇ ಕೆಲಸ ಮಾಡ್ತಾಳೆ, ಇಲ್ಲಿಗೆ ಬರೋಕೆ ಅವಳಿಗೆ ಸಂಕೋಚ, ಅದಕ್ಕೆ ನಾನೇ ಬಂದೆ ಅಂದ್ರು. ಅವನಿಗೆ ದಕ್ಕೋ ಹಾಗೆ ಮಾಡ್ತೀನಿ ಅಂತ ಫಿಲಮ್ಮನ್ನೂ ತಗೊಂಡ್ರು. ನಾನೇ ಕವರಿಗೆ ಹಾಕಿ ಕೊಟ್ಟೆ." ಅಕ್ಕನ ದನಿ ಒಡೆಯಿತು. "ಆಮೇಲೆ ನೀನು ಈ ಕಡೆ ತಲೆ ಹಾಕಲಿಲ್ಲ. ಫೋನ್ ಮಾಡಿದ್ರೂ ಎರಡು ಮಾತಾಡಿ ಇಟ್ಟುಬಿಡ್ತಿದ್ದೆ. ಬಂದಿದ್ರೆ ಅವತ್ತೇ ಕೇಳ್ತಿದ್ದೆನಲ್ಲೇ."

ಅವಳು ಪರೀಕ್ಷೆಯ ಮಂಚದ ಅಂಚಿಗೆ ಕೂತಳು.

ಬೆಳಿಗ್ಗೆ ಯಾರ ದೊಡ್ಡತನ ಕಂಡು ಕಣ್ಣಲ್ಲಿ ನೀರು ತಂದುಕೊಂಡಿದ್ದಳೋ, ಅವರು. ಕಂಪನಿಯವರ ಹತ್ತಿರ ಫಿಲಂ ಎಂದೂ ಇರಲಿಲ್ಲ, ಅವರ ದುಡ್ಡು ತಿಂದ ಈ ವಕೀಲರ ಹತ್ತಿರ ಇತ್ತು. ನೀನು ಆ ಕಡೆ ಹೋಗಲೇಬೇಡ ಎಂದದ್ದು ಕರುಣೆಯಿಂದಲ್ಲ. ಭಾವ ಕಣ್ಣಿನ ನಾಚಿಕೆಯಿಂದ ಬಾಯಿಬಿಡುವುದಿಲ್ಲ, ತಾನು ಮನೆತನದ ನಾಚಿಕೆಯಿಂದ ಈ ಹೊಸಿಲು ತುಳಿಯುವುದಿಲ್ಲ. ಒಂದೇ ಮನೆಯ ಎರಡು ನಾಚಿಕೆಗಳನ್ನು ಬೇಲಿಯಂತೆ ನೆಟ್ಟು, ಆ ವಕೀಲ ನಡುವೆ ನಿಶ್ಚಿಂತೆಯಿಂದ ಕೂತಿದ್ದ. ಬೇಲಿಗೆ ಗೂಟವಾಗಿ ನಿಂತವಳು ತಾನೇ.

"ಪುಟ್ಟಿ," ಎಂದರು ಭಾವ. ಅವಳಿದ್ದ ಕಡೆಗೆ, ಅವಳ ಮುಖ ತಪ್ಪಿಸಿ, ತಿರುಗಿದರು. "ನಾಳೆ ನಾನು ಬರ್ತೀನಿ. ಕಟಕಟೆ ಹತ್ತಿ ಹೇಳ್ತೀನಿ. ನನಗೆ ಕಣ್ಣು ಕಾಣಲ್ಲ, ಆ ಎರಡನೇ ಕಾಗದ ನಾನು ಓದಿಲ್ಲ ಅಂತ. ಎಲ್ಲರೆದುರೂ ಹೇಳ್ತೀನಿ."

"ಹಾಗೆ ಹೇಳಿದ ಮೇಲೆ ಇಷ್ಟು ದಿನ ನೀವು ಬರೆದದ್ದೆಲ್ಲ ಸುಳ್ಳು ಅಂತಾರೆ ಭಾವ. ಡಾಕ್ಟರು ಅನ್ನೋ ಹೆಸರೇ ಹೋಗುತ್ತೆ. ಅಕ್ಕನ್ನೂ ಎಳೀತಾರೆ."

"ಎಳೀಲಿ," ಎಂದಳು ಅಕ್ಕ. ಅಷ್ಟೇ. ಒಂದು ಲೋಟ ಎತ್ತಿ ತಂಗಿಯ ಕೈಗೆ ಕೊಟ್ಟು, ಅವಳ ಬೆರಳುಗಳನ್ನು ಅದರ ಸುತ್ತ ತಾನೇ ಮಡಿಸಿದಳು.

ಮೊದಲು ಪೈಲ್ವಾನನಿಗೆ ತಿಳಿಸಬೇಕು. ಅವನು ವಕೀಲರು ತಂದ ಯಾವ ಕಾಗದಕ್ಕೂ ಸಹಿ ಹಾಕಬಾರದು. ಆಮೇಲೆ ಅವನ ಎದುರು ಕೂತು, ಆ ಡಾಕ್ಟರು ನನಗೆ ಏನಾಗಬೇಕು ಎಂಬುದನ್ನೂ ಹೇಳಿಬಿಡಬೇಕು. ಅವನು ಏನು ಬೇಕಾದರೂ ಅನ್ನಲಿ.

ಲೋಟ ಕೆಳಗಿಟ್ಟು ಫೋನ್ ಹಚ್ಚಿದಳು. ಹೊಲಿಗೆ ಯಂತ್ರದ ಸದ್ದು ನಿಂತು, ಹೆಂಡತಿಯ ದನಿ ಕೇಳಿಸಿತು.

"ಅಕ್ಕಾ! ನಿಮಗೆ ನೂರು ವರ್ಷ ಆಯಸ್ಸು. ಈಗ ತಾನೇ ನಿಮ್ಮ ಮಾತೇ ಆಡ್ತಿದ್ದೆ."

"ಅವರಿಗೆ ಫೋನ್ ಕೊಡಮ್ಮಾ. ಬೇಗ."

"ಇವ್ರಿಲ್ವಲ್ಲ ಅಕ್ಕಾ. ವಕೀಲರೇ ಕಾರು ತಗೊಂಡು ಬಂದಿದ್ರು. ಇನ್ನೊಬ್ಬ ಡಾಕ್ಟರ ಹತ್ರ ತೋರಿಸಬೇಕು, ನಾಳೆಗೆ ಬೇಕು ಅಂತ ಅವಸರ ಮಾಡಿ ಕರ್ಕೊಂಡು ಹೋದ್ರು. ಇವ್ರಿಗೇನೋ ಹಿಂಜರಿಕೆ ಇತ್ತು." ಅವಳ ದನಿಯಲ್ಲಿ ಇನ್ನೂ ನಗುವಿತ್ತು. "ನೀವು ಮುಂದಿನ ತಿರುವಲ್ಲಿ ಕಾರೊಳಗೆ ಕೂತಿದೀರಿ ಅಂದ ಮೇಲೆ ಧೈರ್ಯವಾಗಿ ಹತ್ತಿದ್ರು."

ತನಿಖೆಗಾರ್ತಿ ಎದ್ದು ನಿಂತಳು.

"ಅಕ್ಕಾ? ಯಾಕೆ ಸುಮ್ಮನಾದ್ರಿ?" ಆ ಕಡೆ ನಗು ನಿಂತಿತು. "ನೀವು ಇವ್ರ ಜೊತೇಲಿಲ್ವಾ?"